2027ರ ರಾಷ್ಟ್ರಪತಿ ಚುನಾವಣೆಗೆ ಯಾರು ನಿಲ್ಲಬಹುದು? ಮುಂಬೈ ಕನ್ನಡಿಗರು ಪದೇ ಪದೇ ಕೇಳೋ ಪ್ರಶ್ನೆಗಳು

ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತೆ, ಅಷ್ಟರೊಳಗೆ ಮುಂದಿನವರ ಆಯ್ಕೆ ಆಗ್ಲೇಬೇಕು. ಮಾಟುಂಗಾದಲ್ಲಿ ಕಾರ್ಯಕ್ರಮ ಮುಗಿಸಿ ಕಾಫಿ ಹಿಡ್ಕೊಂಡು ನಿಂತಾಗ, ಡೊಂಬಿವ್ಲಿ ಫಾಸ್ಟ್ ಲೋಕಲ್ಲಲ್ಲಿ, ಥಾಣೆ ಕಡೆ ಮದುವೆ ಮನೇಲಿ, ಎಲ್ಲಾ ಕಡೆ ಇದೇ ಮಾತು ಶುರುವಾಗಿದೆ, "ಯಾರಂತೆ?", "ಈ ಸಲ ನಮ್ಮೋರಿಗೆ ಚಾನ್ಸ್ ಇದ್ಯಾ?" ಅಂತ. ಕೇಳಿದ್ದೇ ಪ್ರಶ್ನೆ ಮತ್ತೆ ಮತ್ತೆ ಬರ್ತಿರೋದ್ರಿಂದ ಒಂದೇ ಕಡೆ ಬರೆದಿಟ್ಟಿದೀನಿ. ಹೆಸರುಗಳ ವಿಷಯಕ್ಕೆ ಬಂದಾಗ ಅದು ನನ್ನ ಊಹೆ ಅಷ್ಟೇ, ನಿಯಮ ಮತ್ತೆ ಹಳೇ ಲೆಕ್ಕ ಮಾತ್ರ ಗಟ್ಟಿ ಮಾಹಿತಿ. ಎರಡನ್ನೂ ಬೆರೆಸಿ ಫಾರ್ವರ್ಡ್ ಮಾಡ್ಬೇಡಿ ಪ್ಲೀಸ್.

ಚುನಾವಣೆ ಯಾವಾಗ?

ಅವಧಿ ಮುಗಿಯೋದಕ್ಕೆ 60 ದಿನ ಮುಂಚೆಯಿಂದ ಯಾವಾಗ ಬೇಕಾದ್ರೂ ಅಧಿಸೂಚನೆ ಹೊರಡಿಸಬಹುದು, ಅಂದ್ರೆ 2027ರ ಮೇ ಕೊನೆ ವಾರದ ನಂತರ. ಕಳೆದ ಸಲ 2022ರಲ್ಲಿ ಜೂನ್ 15ಕ್ಕೆ ಅಧಿಸೂಚನೆ, ಜೂನ್ 29ಕ್ಕೆ ನಾಮಪತ್ರ ಕೊಡೋಕೆ ಕೊನೇ ದಿನ, ಜುಲೈ 18ಕ್ಕೆ ಮತದಾನ, 21ಕ್ಕೆ ಎಣಿಕೆ, 25ಕ್ಕೆ ಪ್ರಮಾಣ ವಚನ. 2017ರಲ್ಲೂ ಹೆಚ್ಚುಕಮ್ಮಿ ಹೀಗೇ. ಈ ಸಲಾನೂ ಮುಂಬೈ ಮಳೆ ಜೋರಾಗಿರೋ ಹೊತ್ತಲ್ಲೇ ಬರುತ್ತೆ.

ಯಾರು ಬೇಕಾದ್ರೂ ನಿಲ್ಲಬಹುದಾ?

ಭಾರತದ ಪ್ರಜೆ ಆಗಿರ್ಬೇಕು, 35 ವರ್ಷ ತುಂಬಿರ್ಬೇಕು, ಲೋಕಸಭೆಗೆ ನಿಲ್ಲೋ ಅರ್ಹತೆ ಇರ್ಬೇಕು, ಸರ್ಕಾರದ ಲಾಭದ ಹುದ್ದೇಲಿ ಇರಬಾರದು (ರಾಜ್ಯಪಾಲರು, ಮಂತ್ರಿಗಳು, ಉಪರಾಷ್ಟ್ರಪತಿ ಇವರಿಗೆಲ್ಲ ಈ ನಿಯಮ ಅಡ್ಡ ಬರಲ್ಲ). ಇಷ್ಟು ಕೇಳಿದ್ರೆ ಸುಲಭ ಅನ್ಸುತ್ತೆ, ಆದ್ರೆ ಅಸಲಿ ಬಾಗಿಲು ಬೇರೆ ಇದೆ. ನಾಮಪತ್ರಕ್ಕೆ 50 ಜನ ಸೂಚಕರು, 50 ಜನ ಅನುಮೋದಕರು ಸಹಿ ಹಾಕ್ಬೇಕು, ಅವರೆಲ್ಲ ಮತ ಹಾಕೋ ಹಕ್ಕಿರೋ ಎಂಪಿ ಎಂಎಲ್‌ಎಗಳೇ ಆಗಿರ್ಬೇಕು, ಜೊತೆಗೆ 15,000 ರೂಪಾಯಿ ಡೆಪಾಸಿಟ್. ದುಡ್ಡು ಯಾರಾದ್ರೂ ಹೊಂದಿಸ್ತಾರೆ, ನೂರು ಸಹಿ ಎಲ್ಲಿಂದ ತರೋದು?

ಮುಂಚೆ ಹೀಗಿರ್ಲಿಲ್ಲ. 1967ರಲ್ಲಿ 17 ಜನ ಕಣದಲ್ಲಿದ್ರು, ಅದರಲ್ಲಿ 9 ಜನಕ್ಕೆ ಒಂದೂ ಮತ ಬರ್ಲಿಲ್ಲ. ಆಮೇಲೆ ನಿಯಮ ಬಿಗಿ ಮಾಡ್ತಾ ಬಂದು 1997ರಲ್ಲಿ 50 ಮತ್ತು 50 ಅಂತ ಮಾಡಿದ್ರು, ಅವತ್ತಿಂದ ಪ್ರತಿ ಸಲ ಕಣದಲ್ಲಿ ಉಳಿಯೋದು ಇಬ್ಬರೇ. ಅದಕ್ಕೇ ಯಾರಾದ್ರೂ "ಇಂಥವರು ಸ್ವತಂತ್ರವಾಗಿ ನಿಲ್ತಾರಂತೆ" ಅಂದ್ರೆ ಮೊದಲು ಕೇಳಿ, ಆ ನೂರು ಜನ ಯಾರು ಅಂತ.

ನಮ್ಮ ವೋಟಿಗೆ ಇದರಲ್ಲಿ ಬೆಲೆ ಇದ್ಯಾ?

ನೇರವಾಗಿ ಇಲ್ಲ. ಮತ ಹಾಕೋದು ಲೋಕಸಭೆ, ರಾಜ್ಯಸಭೆಗೆ ಆಯ್ಕೆಯಾದ ಎಂಪಿಗಳು ಮತ್ತೆ ರಾಜ್ಯಗಳ ಎಂಎಲ್‌ಎಗಳು, ದಿಲ್ಲಿ ಪುದುಚೇರಿ ಎಂಎಲ್‌ಎಗಳೂ ಸೇರಿ. ನಾಮಕರಣ ಆದ ಎಂಪಿಗಳಿಗೆ ಹಕ್ಕಿಲ್ಲ, ವಿಧಾನ ಪರಿಷತ್ತಿನ ಎಂಎಲ್‌ಸಿಗಳಿಗೂ ಇಲ್ಲ, ಮಹಾರಾಷ್ಟ್ರದ 78 ಎಂಎಲ್‌ಸಿಗಳು ಅವತ್ತು ಬರೀ ನೋಡೋರು.

ಆದ್ರೆ ಪರೋಕ್ಷವಾಗಿ ಮುಂಬೈಯವರ ಕೈಲಿ ದೊಡ್ಡ ತೂಕ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಂಎಲ್‌ಎ ಮತದ ಮೌಲ್ಯ ರಾಜ್ಯದಿಂದ ರಾಜ್ಯಕ್ಕೆ ಬೇರೆ, 1971ರ ಜನಸಂಖ್ಯೆಯನ್ನ ಎಂಎಲ್‌ಎ ಸಂಖ್ಯೆಯಿಂದ ಭಾಗಿಸಿ ಮತ್ತೆ ಸಾವಿರದಿಂದ ಭಾಗಿಸಿದ್ರೆ ಬರೋದು. ಮಹಾರಾಷ್ಟ್ರದ ಒಬ್ಬ ಎಂಎಲ್‌ಎಗೆ 175, ಕರ್ನಾಟಕದವರಿಗೆ 131, ಗೋವಾದವರಿಗೆ 20, ಉತ್ತರ ಪ್ರದೇಶಕ್ಕೆ ಎಲ್ಲಕ್ಕಿಂತ ಜಾಸ್ತಿ 208, ಸಿಕ್ಕಿಂಗೆ ಎಲ್ಲಕ್ಕಿಂತ ಕಡಿಮೆ 7. ಮುಂಬೈ ನಗರ ಮತ್ತೆ ಉಪನಗರ ಸೇರಿ 36 ಎಂಎಲ್‌ಎಗಳು, ಅಂದ್ರೆ 6,300. ಇಡೀ ಗೋವಾ ವಿಧಾನಸಭೆದು 40 ಜನ ಸೇರಿ 800, ಮುಂಬೈಯ ಐದು ಎಂಎಲ್‌ಎ ಸೇರಿದ್ರೆ ಗೋವಾನ ದಾಟ್ತಾರೆ! ಪುಣೆ ಜಿಲ್ಲೆಯ 21 ಜನಕ್ಕೆ 3,675. ಇನ್ನು ಎಂಪಿ ಮತದ ಮೌಲ್ಯ 2022ರಲ್ಲಿ 700 ಇತ್ತು, ಮಹಾರಾಷ್ಟ್ರದ ಸರಿಯಾಗಿ ನಾಲ್ಕು ಎಂಎಲ್‌ಎಗಳಷ್ಟು.

1971 ಯಾಕೆ ಅಂದ್ರೆ, ಕುಟುಂಬ ಯೋಜನೆ ಸರಿಯಾಗಿ ಮಾಡಿದ ರಾಜ್ಯಗಳಿಗೆ ಲಾಸ್ ಆಗ್ಬಾರ್ದು ಅಂತ ಸಂವಿಧಾನ ತಿದ್ದುಪಡಿ ಮಾಡಿ ಅಲ್ಲೇ ನಿಲ್ಲಿಸಿದ್ದು, 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟ ಆಗೋವರೆಗೆ ಅದೇ ಇರುತ್ತೆ. ದಕ್ಷಿಣದ ಮನಸ್ಸಲ್ಲಿ ಈಗ ಡಿಲಿಮಿಟೇಶನ್ (ಜನಸಂಖ್ಯೆ ನೋಡಿ ಲೋಕಸಭೆ ಸೀಟು ಮರುಹಂಚಿಕೆ ಮಾಡೋದು) ಬಗ್ಗೆ ಇರೋ ಆತಂಕಕ್ಕೂ ಈ ಲೆಕ್ಕಕ್ಕೂ ಒಂದೇ ಬೇರು, ಇದನ್ನ ನೆನಪಿಟ್ಕೊಳ್ಳಿ, ಕೆಳಗೆ ಹೆಸರುಗಳ ಹತ್ರ ಬಂದಾಗ ಬೇಕಾಗುತ್ತೆ.

ನಮ್ಮೋರು ಈ ಮತದಾರರ ಪಟ್ಟಿಲಿ ಇದ್ದದ್ದೂ ಉಂಟು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ಎಸ್. ಕೆ. ಪಾಟೀಲರನ್ನ ಸೋಲಿಸಿ ದಕ್ಷಿಣ ಮುಂಬೈಯಿಂದ ಎಂಪಿ ಆದ್ರಲ್ಲ, 1969ರ ಆ ಐತಿಹಾಸಿಕ ರಾಷ್ಟ್ರಪತಿ ಚುನಾವಣೆ ಹೊತ್ತಿಗೆ ಅವರು ಸಂಸತ್ತಲ್ಲಿದ್ರು. 2024ರವರೆಗೆ ಉತ್ತರ ಮುಂಬೈ ಎಂಪಿ ಆಗಿದ್ದ ಗೋಪಾಲ ಶೆಟ್ಟಿಯವರೂ 2017, 2022 ಎರಡೂ ಸಲ ಪಟ್ಟಿಲಿದ್ದೋರೇ.

ಮುರ್ಮು ಅವರೇ ಮತ್ತೆ ನಿಲ್ಲಬಹುದಾ?

ಕಾನೂನಿನ ಅಡ್ಡಿ ಏನೂ ಇಲ್ಲ, ಎಷ್ಟು ಸಲ ಬೇಕಾದ್ರೂ ನಿಲ್ಲಬಹುದು. ಆದ್ರೆ ಎರಡನೇ ಅವಧಿ ಸಿಕ್ಕಿದ್ದು ಇಲ್ಲಿವರೆಗೆ ಬಾಬು ರಾಜೇಂದ್ರ ಪ್ರಸಾದ್ ಒಬ್ಬರಿಗೇ. ಅವರಾದ ಮೇಲೆ ಎಲ್ಲಾ ಪಕ್ಷದೋರೂ ಒಬ್ಬರಿಗೆ ಒಂದೇ ಸಲ ಅನ್ನೋ ಪದ್ಧತಿ ಪಾಲಿಸ್ಕೊಂಡು ಬಂದಿದಾರೆ. ಕಲಾಂ ಅವರಂಥ ಜನಪ್ರಿಯ ರಾಷ್ಟ್ರಪತಿಗೇ 2007ರಲ್ಲಿ ಎರಡನೇ ಸಲ ಆಗ್ಲಿಲ್ಲ. 2027ಕ್ಕೆ ಮುರ್ಮು ಅವರಿಗೆ 69 ವರ್ಷ, ವಯಸ್ಸು ಅಡ್ಡಿ ಅಲ್ಲ. ಆದ್ರೂ ಒಂದು ಸಮುದಾಯಕ್ಕೆ, ಒಂದು ಪ್ರಾಂತಕ್ಕೆ ಸಂದೇಶ ಕೊಡೋಕೆ ಐದು ವರ್ಷಕ್ಕೊಮ್ಮೆ ಸಿಗೋ ಅವಕಾಶ ಇದು, ಅದನ್ನ ಯಾವ ಪಕ್ಷನೂ ಸುಮ್ನೆ ಬಿಡಲ್ಲ ಅಂತ ನನ್ನ ಅಂದಾಜು.

ಹಾಗಾದ್ರೆ ಎನ್‌ಡಿಎ ಯಾರನ್ನ ತರಬಹುದು?

ಎಲ್ಲರೂ ಕೇಳೋದು ಇದನ್ನೇ, ಉತ್ತರನೂ ಉದ್ದ.

ಹಿಂದಿನ ಮೂರು ನಾಲ್ಕು ಸಲ ಏನಾಯ್ತು ಅಂತ ನೋಡೋಣ. 2007ರಲ್ಲಿ ಯುಪಿಎ ಕಡೆಯಿಂದ ಲಾತೂರಿನ ಶಿವರಾಜ ಪಾಟೀಲರ ಹೆಸರು ಜೋರಾಗಿ ಓಡ್ತಿತ್ತು, ಎಡಪಕ್ಷಗಳು ಒಪ್ಲಿಲ್ಲ, ಕೊನೇ ಗಳಿಗೇಲಿ ರಾಜಸ್ಥಾನದ ರಾಜ್ಯಪಾಲರಾಗಿದ್ದ ಪ್ರತಿಭಾ ಪಾಟೀಲರು ಬಂದ್ರು. 2017ರಲ್ಲಿ ಅಡ್ವಾಣಿ, ಸುಮಿತ್ರಾ ಮಹಾಜನ್ ಅಂತೆಲ್ಲ ಟಿವಿಲಿ ಬಂತು, ಶಿವಸೇನೆಯೋರು ಮೋಹನ್ ಭಾಗವತ್ ಆಗ್ಲಿ ಅಂದ್ರು, ಜೂನ್ 19ಕ್ಕೆ ಘೋಷಣೆ ಆದದ್ದು ಬಿಹಾರದ ರಾಜ್ಯಪಾಲ ರಾಮನಾಥ್ ಕೋವಿಂದ್ ಹೆಸರು. 2022ರಲ್ಲಿ ಜೂನ್ 21ಕ್ಕೆ ಜಾರ್ಖಂಡದ ಮಾಜಿ ರಾಜ್ಯಪಾಲರಾದ ಮುರ್ಮು. ಮೂವರೂ ರಾಜಭವನ ಕಂಡೋರು, ಮೂವರ ಹೆಸರೂ ಹೊರಬಿದ್ದಿದ್ದು ಜೂನ್ ಮಧ್ಯದಲ್ಲಿ ಇಲ್ಲಾ ಅದರ ನಂತರವೇ. ನಡುವೆ 2012ರ ಪ್ರಣಬ್ ಮುಖರ್ಜಿ ಮಾತ್ರ ಬೇರೆ ಥರ, ಅವರು ಹಾಲಿ ಹಣಕಾಸು ಮಂತ್ರಿ, ಎಲ್ಲರೂ ಮೊದಲೇ ನಿರೀಕ್ಷೆ ಮಾಡಿದ್ದ ಹೆಸರು.

ಅದಕ್ಕೇ ನಾನು ಹೇಳೋದು, ಈಗ ಟಿವಿಲಿ ಓಡೋ ಹೆಸರಿಗಿಂತ ಹಾಲಿ ಮತ್ತೆ ಮಾಜಿ ರಾಜ್ಯಪಾಲರ ಪಟ್ಟಿನ ಒಂದು ಸಲ ನಿಧಾನವಾಗಿ ಓದಿ. ಅದರಲ್ಲಿ ಕರ್ನಾಟಕಕ್ಕೆ 2021ರಲ್ಲಿ ರಾಜ್ಯಪಾಲರಾಗಿ ಬಂದ ಥಾವರ್‌ಚಂದ್ ಗೆಹ್ಲೋಟ್ ಇದಾರೆ, ಮಧ್ಯಪ್ರದೇಶದ ದಲಿತ ನಾಯಕರು, ಕೇಂದ್ರದಲ್ಲಿ ಮಂತ್ರಿ ಆಗಿದ್ದೋರು, ಆದ್ರೆ ಕೋವಿಂದ್ ಆದ ಮೇಲೆ ಇಷ್ಟು ಬೇಗ ಅದೇ ಸಂದೇಶ ಮತ್ತೆ ಕೊಡ್ತಾರಾ ಅನ್ನೋದು ಅನುಮಾನ, ಮೇಲಾಗಿ 1948ರಲ್ಲಿ ಹುಟ್ಟಿದೋರು. ಆನಂದಿಬೆನ್ ಪಟೇಲ್ ಇದಾರೆ, ಆರಿಫ್ ಮೊಹಮ್ಮದ್ ಖಾನ್ ಇದಾರೆ. ಗೋವಾದ ನಮ್ಮ ಜನ ಕೇಳ್ತಾರೆ, ಅಲ್ಲಿಗೆ 2025ರಲ್ಲಿ ರಾಜ್ಯಪಾಲರಾಗಿ ಬಂದ ಆಂಧ್ರದ ವಿಜಯನಗರಂನ ಅಶೋಕ್ ಗಜಪತಿ ರಾಜು ಆಗಬಹುದಾ ಅಂತ. ಅವರು ತೆಲುಗುದೇಶಂನಲ್ಲಿ (ಟಿಡಿಪಿ) ಬೆಳೆದೋರು. ಆಂಧ್ರದಲ್ಲಿ 2024ರಲ್ಲಿ ಟಿಡಿಪಿ ಗೆದ್ದ 135 ಸೀಟಿನ ಮೌಲ್ಯ 21,465, ಅಂಥ ಮಿತ್ರಪಕ್ಷಕ್ಕೆ ಗೌರವ ಕೊಡೋಕೆ ಚೆನ್ನಾಗೇ ಇದೆ, ಆದ್ರೆ ಬಿಜೆಪಿ ತನ್ನ ಮನೆಯೋರನ್ನ ಬಿಟ್ಟು ಮಿತ್ರರ ಮನೆಯಿಂದ ಬಂದೋರಿಗೆ ಆ ಕುರ್ಚಿ ಕೊಡೋದು ಕಷ್ಟ.

ನನ್ನ ಪ್ರಕಾರ ನಿಜವಾದ ಸುಳಿವು ಇರೋದು ದಿಕ್ಕಲ್ಲಿ. ದಕ್ಷಿಣದ ಕೊನೇ ರಾಷ್ಟ್ರಪತಿ ಅಬ್ದುಲ್ ಕಲಾಂ, ಅವರು ಇಳಿದಿದ್ದು 2007ರಲ್ಲಿ. ಆಮೇಲೆ ಮಹಾರಾಷ್ಟ್ರ, ಬಂಗಾಳ, ಉತ್ತರ ಪ್ರದೇಶ, ಒಡಿಶಾ. 2027ಕ್ಕೆ ಸರಿಯಾಗಿ 20 ವರ್ಷ ಆಗುತ್ತೆ. ಸೀಟು ಹಂಚಿಕೆ ವಿಷಯದಲ್ಲಿ ದಕ್ಷಿಣ ಮುನಿಸ್ಕೊಂಡಿರೋ ಹೊತ್ತಲ್ಲಿ ದಿಲ್ಲಿಯೋರು ಯಾರೇ ಆಗ್ಲಿ ಈ ಲೆಕ್ಕ ಹಾಕದೆ ಇರಲ್ಲ. 2025ರ ಉಪರಾಷ್ಟ್ರಪತಿ ಚುನಾವಣೇಲಿ ಎರಡೂ ಕಡೆ ದಕ್ಷಿಣದೋರೇ ನಿಂತಿದ್ದು ಕಾಕತಾಳೀಯ ಅಂತ ನನಗನ್ಸಲ್ಲ.

ಸಿ. ಪಿ. ರಾಧಾಕೃಷ್ಣನ್ ಅವರಿಗೆ ಪ್ರಮೋಷನ್ ಗ್ಯಾರಂಟಿ ಅಂತಾರಲ್ಲ?

ಮುಂಬೈಯೋರಿಗೆ ಇವರು ಪರಿಚಿತರು, 2024ರ ಜುಲೈಯಿಂದ 2025ರ ಸೆಪ್ಟೆಂಬರ್‌ವರೆಗೆ ಮಲಬಾರ್ ಹಿಲ್‌ನ ರಾಜಭವನದಲ್ಲೇ ಇದ್ದೋರು. ಜಗದೀಪ್ ಧನ್ಕರ್ 2025ರ ಜುಲೈಯಲ್ಲಿ ರಾಜೀನಾಮೆ ಕೊಟ್ಟ ಮೇಲೆ ಸೆಪ್ಟೆಂಬರ್ 9ಕ್ಕೆ 452 ಮತ ತಗೊಂಡು ಉಪರಾಷ್ಟ್ರಪತಿ ಆದ್ರು, ಎದುರಿದ್ದ ಸುದರ್ಶನ ರೆಡ್ಡಿಯವರಿಗೆ 300. ತಮಿಳುನಾಡಿನ ತಿರುಪ್ಪೂರಿನೋರು, ಜಾರ್ಖಂಡದಲ್ಲೂ ರಾಜ್ಯಪಾಲರಾಗಿದ್ರು.

ಇದೇ ದಾರೀಲಿ ಹಿಂದೆ ಒಬ್ಬರು ಹೋಗಿದಾರೆ, ಶಂಕರ ದಯಾಳ ಶರ್ಮಾ. ಅವರೂ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದು 1987ರಲ್ಲಿ ಉಪರಾಷ್ಟ್ರಪತಿ ಆಗಿ 1992ರಲ್ಲಿ ರಾಷ್ಟ್ರಪತಿ ಆದ್ರು. ಒಟ್ಟು ಆರು ಜನ ಉಪರಾಷ್ಟ್ರಪತಿಗಳು ಮೇಲೇರಿದಾರೆ: ಸರ್ವಪಲ್ಲಿ ರಾಧಾಕೃಷ್ಣನ್, ಜಾಕಿರ್ ಹುಸೇನ್, ವಿ. ವಿ. ಗಿರಿ, ವೆಂಕಟರಾಮನ್, ಶರ್ಮಾ, ನಾರಾಯಣನ್. ಆದ್ರೆ ಈ ಏಣಿ 1997ಕ್ಕೇ ನಿಂತುಹೋಯ್ತು ಅನ್ನೋದನ್ನ ಯಾರೂ ಹೇಳಲ್ಲ! ಕೃಷ್ಣಕಾಂತ್ ಆಗ್ಲಿಲ್ಲ, ಭೈರೋನ್ ಸಿಂಗ್ ಶೇಖಾವತ್ 2007ರಲ್ಲಿ ನಿಂತು ಸೋತ್ರು, ಹಮೀದ್ ಅನ್ಸಾರಿ ಎರಡು ಅವಧಿ ಇದ್ರೂ ಆಗ್ಲಿಲ್ಲ, ಕರ್ನಾಟಕದಿಂದಲೇ ಮೂರು ಸಲ ರಾಜ್ಯಸಭೆಗೆ ಹೋಗಿದ್ದ ವೆಂಕಯ್ಯ ನಾಯ್ಡು ಅವರನ್ನೂ 2022ರಲ್ಲಿ ಅವರ ಪಕ್ಷನೇ ಮೇಲೇರಿಸ್ಲಿಲ್ಲ. ಹಾಗಾಗಿ ಗ್ಯಾರಂಟಿ ಅನ್ನೋದು ತಪ್ಪು. ಆದ್ರೆ ಈಗಿರೋ ಹೆಸರುಗಳಲ್ಲಿ ದಕ್ಷಿಣ, ಹಿಂದುಳಿದ ವರ್ಗ, ಸಂಘದ ಹಿನ್ನೆಲೆ ಈ ಮೂರೂ ಕೂಡಿಬರೋದು ಇವರಲ್ಲೇ, ಅದಕ್ಕೇ ನನ್ನ ಲಿಸ್ಟಲ್ಲಿ ಇವರು ಮೇಲಿದಾರೆ.

ಮೋದಿಯವರೇ ರಾಷ್ಟ್ರಪತಿ ಆಗ್ತಾರಂತೆ ಹೌದಾ?

ಇಲ್ಲಿವರೆಗೆ ಪ್ರಧಾನಿ ಆಗಿದ್ದ ಒಬ್ಬರೂ ರಾಷ್ಟ್ರಪತಿ ಆಗಿಲ್ಲ. ಇದಕ್ಕಿಂತ ಜಾಸ್ತಿ ಹೇಳೋ ಅಂಥದ್ದು ಇದರಲ್ಲಿ ಏನಿಲ್ಲ.

ದೇವೇಗೌಡ್ರು?

ಹಾಸನ ಕಡೆ ಸ್ನೇಹಿತರು ಪ್ರೀತಿಯಿಂದ ಕೇಳ್ತಾರೆ. ಗೌಡರು ಹುಟ್ಟಿದ್ದು 1933ರ ಮೇ, 2027ರ ಜುಲೈಗೆ 94 ದಾಟಿರುತ್ತೆ. ಅವರಿಗೆ ಇರೋ ಗೌರವಕ್ಕೆ ಇನ್ನೊಂದು ಹುದ್ದೆ ಬೇಕಿಲ್ಲ.

ಸುಧಾ ಮೂರ್ತಿ ಅಥವಾ ವೀರೇಂದ್ರ ಹೆಗ್ಗಡೆ ಥರದೋರು ಆಗ್ಬಹುದಾ?

ಪುಣೆಯ ಕನ್ನಡಿಗರು ಸುಧಾ ಮೂರ್ತಿ ಹೆಸರು ಬಿಡೋದೇ ಇಲ್ಲ, ಯಾಕಂದ್ರೆ ಟೆಲ್ಕೊದಲ್ಲಿ ಕೆಲಸ ಮಾಡಿದ್ದು ಅಲ್ಲಿ, 1981ರಲ್ಲಿ ಇನ್ಫೋಸಿಸ್ ಶುರುವಾಗಿದ್ದೂ ಅಲ್ಲೇ. ಸುಧಾ ಮೂರ್ತಿ 2024ರಲ್ಲಿ, ಹೆಗ್ಗಡೆಯವರು 2022ರಲ್ಲಿ ರಾಜ್ಯಸಭೆಗೆ ನಾಮಕರಣ ಆದೋರು. ಇದರಲ್ಲಿ ಒಂದು ವಿಶೇಷ ಇದೆ, ನಾಮಕರಣ ಆದ ಸದಸ್ಯರು ರಾಷ್ಟ್ರಪತಿ ಚುನಾವಣೇಲಿ ಮತ ಹಾಕೋ ಹಾಗಿಲ್ಲ, ಆದ್ರೆ ನಿಲ್ಲೋದಕ್ಕೆ ತೊಂದರೆ ಇಲ್ಲ.

ರಾಜಕೀಯದ ಹೊರಗಿನೋರು ಆಗಿದ್ದಕ್ಕೆ ಕಲಾಂ ಅವರ ಉದಾಹರಣೆ ಕೊಡ್ತಾರೆ. ಸರಿ, ಆದ್ರೆ 2002ರ ಪರಿಸ್ಥಿತಿ ನೆನಪಿಸ್ಕೊಳ್ಳಿ. ವಾಜಪೇಯಿ ಅವರಿಗೆ ಸ್ವಂತ ಬಲ ಸಾಲ್ತಿರ್ಲಿಲ್ಲ, ಕಾಂಗ್ರೆಸ್ಸೂ ವಿರೋಧ ಮಾಡೋಕಾಗದಂಥ ಹೆಸರು ಬೇಕಿತ್ತು. ಕಲಾಂಗೆ 9,22,884 ಮೌಲ್ಯದ ಮತ ಬಂತು, ಎಡಪಕ್ಷಗಳ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರಿಗೆ 1,07,366. ಅಂದ್ರೆ ಎಲ್ಲರೂ ಒಪ್ಪೋ ವ್ಯಕ್ತಿ ಬರೋದು ಆಳೋ ಪಕ್ಷಕ್ಕೆ ನಂಬರ್ ಕಮ್ಮಿ ಇದ್ದಾಗ. ನಂಬರ್ ಇದ್ದಾಗ ಪಕ್ಷದ ಮನುಷ್ಯನೇ ಬರೋದು.

ಆಳೋ ಪಕ್ಷಕ್ಕೆ ನಂಬರ್ ಇದ್ಯಾ?

2022ರ ಒಟ್ಟು ಮೌಲ್ಯ 10,86,431. ಮುರ್ಮು ಅವರಿಗೆ 6,76,803, ಯಶವಂತ ಸಿನ್ಹಾ ಅವರಿಗೆ 3,80,177. ಅವತ್ತು ಬಿಜೆಡಿ, ವೈಎಸ್‌ಆರ್ ಕಾಂಗ್ರೆಸ್ ಥರದ ಹೊರಗಿನ ಪಕ್ಷಗಳೂ ಮುರ್ಮು ಅವರಿಗೆ ಹಾಕಿದ್ವು.

ಆಮೇಲೆ ಬಿಜೆಪಿ 2024ರ ಲೋಕಸಭೇಲಿ 240ಕ್ಕೆ ಇಳೀತು, ಎನ್‌ಡಿಎ ಒಟ್ಟು 293. ಆದ್ರೆ ರಾಜ್ಯಗಳಲ್ಲಿ ಆ ಲಾಸ್ ತುಂಬಿಕೊಂಡಿದೆ. 2024ರ ನವೆಂಬರ್‌ನಲ್ಲಿ ನಮ್ಮ ಮಹಾರಾಷ್ಟ್ರದಲ್ಲಿ ಮಹಾಯುತಿಯ (ಇಲ್ಲಿಯ ಎನ್‌ಡಿಎ ಕೂಟ) ಮೂರು ದೊಡ್ಡ ಪಕ್ಷಗಳೇ 132, 57, 41 ಅಂತ 230 ಗೆದ್ವು, ಅದರ ಮೌಲ್ಯ 40,250. 2025ರಲ್ಲಿ ಬಿಹಾರದಲ್ಲಿ ಎನ್‌ಡಿಎಗೆ 202, ಅದು 34,946. ಒಡಿಶಾದಲ್ಲಿ, ದಿಲ್ಲೀಲಿ ಅಧಿಕಾರ ಬದಲಾಯ್ತು. ಆದ್ರೆ ಕರ್ನಾಟಕದಲ್ಲಿ 2023ರಲ್ಲಿ ಕಾಂಗ್ರೆಸ್ 135 ಗೆದ್ದು ಲೆಕ್ಕ ತಿರುಗಿಸ್ತು.

ಇನ್ನು ಉಳಿದಿರೋ ದೊಡ್ಡ ಅಂಕಿ ಉತ್ತರ ಪ್ರದೇಶ, 403 ಎಂಎಲ್‌ಎ, ಒಟ್ಟು 83,824. ಉತ್ತರ ಪ್ರದೇಶ, ಪಂಜಾಬ್, ಉತ್ತರಾಖಂಡ, ಮಣಿಪುರ, ಗೋವಾ ಈ ಐದೂ ವಿಧಾನಸಭೆಗಳ ಅವಧಿ 2027ರ ಮೊದಲರ್ಧದಲ್ಲೇ ಮುಗಿಯುತ್ತೆ, ಅಲ್ಲಿ ಗೆದ್ದು ಬಂದ ಹೊಸ ಎಂಎಲ್‌ಎಗಳೇ ಜುಲೈಯಲ್ಲಿ ಮತ ಹಾಕೋದು. ಹಾಗಾಗಿ ಲಖನೌ ಫಲಿತಾಂಶ ನೋಡಿ, ಎನ್‌ಡಿಎಗೆ ಧೈರ್ಯ ಇದ್ರೆ ಪಕ್ಷದ ಕಟ್ಟಾ ಮನುಷ್ಯ ಬರ್ತಾರೆ, ಅಲುಗಾಡಿದ್ರೆ ಮಿತ್ರರೂ ಒಪ್ಪೋ ಮೆತ್ತನೆ ಹೆಸರು ಬರುತ್ತೆ.

ವಿರೋಧ ಪಕ್ಷದಿಂದ ಖರ್ಗೆಯವರು ನಿಲ್ತಾರಾ?

ಕಲಬುರಗಿ, ಬೀದರ್ ಕಡೆಯಿಂದ ಮುಂಬೈಗೆ ಬಂದು ಕಟ್ಟಡ ಕೆಲಸ ಮಾಡ್ತಿರೋ ನಮ್ಮ ಜನ ಈ ಪ್ರಶ್ನೆ ಕೇಳುವಾಗ ಕಣ್ಣಲ್ಲಿ ಆಸೆ ಕಾಣುತ್ತೆ, ಅದನ್ನ ನಾನು ಹಗುರವಾಗಿ ತಗೊಳಲ್ಲ. ಒಂಬತ್ತು ಸಲ ಎಂಎಲ್‌ಎ, ಕೇಂದ್ರ ಮಂತ್ರಿ, ಕಾಂಗ್ರೆಸ್ ಅಧ್ಯಕ್ಷ, ಅರ್ಹತೆ ಬಗ್ಗೆ ಮಾತಾಡೋ ಹಾಗೇ ಇಲ್ಲ. ಆದ್ರೆ ಸೋಲು ಹೆಚ್ಚುಕಮ್ಮಿ ಖಚಿತ ಇರೋ ಕಣಕ್ಕೆ ಪಕ್ಷದ ಅಧ್ಯಕ್ಷರನ್ನೇ ಇಳಿಸ್ತಾರೆ ಅಂತ ನನಗನ್ಸಲ್ಲ.

ವಿರೋಧ ಪಕ್ಷಗಳು ಸಾಮಾನ್ಯವಾಗಿ ಇಂಥ ಚುನಾವಣೆಗೆ ಒಂದು ತತ್ವದ ಮುಖ ಹುಡುಕ್ತಾವೆ. 1967ರಲ್ಲಿ ಸುಬ್ಬರಾವ್ ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿ ಹುದ್ದೆ ಬಿಟ್ಟು ಬಂದು ನಿಂತ್ರು, 1982ರಲ್ಲಿ ಎಮರ್ಜೆನ್ಸಿ ಕಾಲದ ಧೀರ ಜಡ್ಜ್ ಎಚ್. ಆರ್. ಖನ್ನಾ, 1987ರಲ್ಲಿ ವಿ. ಆರ್. ಕೃಷ್ಣ ಅಯ್ಯರ್, 2025ರ ಉಪರಾಷ್ಟ್ರಪತಿ ಚುನಾವಣೇಲಿ ಸುದರ್ಶನ ರೆಡ್ಡಿ (2013ರಲ್ಲಿ ಗೋವಾದ ಮೊದಲ ಲೋಕಾಯುಕ್ತ ಆಗಿದ್ದೋರು ಇವರೇ). ಎಲ್ಲರೂ ನ್ಯಾಯಮೂರ್ತಿಗಳು, ಎಲ್ಲರೂ ಸೋತ್ರು, ಆದ್ರೆ ಸೋಲಿಗೂ ಒಂದು ಮರ್ಯಾದೆ ಇತ್ತು. ಈ ಸಲಾನೂ ನಿವೃತ್ತ ಜಡ್ಜ್ ಅಥವಾ ಸಾರ್ವಜನಿಕ ಬದುಕಲ್ಲಿ ಕಳಂಕ ಇಲ್ಲದ ಹಿರಿಯರು ಬರಬಹುದು.

ಮಂಗಳೂರಿನ ಮಾರ್ಗರೆಟ್ ಆಳ್ವಾ 2022ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ನಿಂತು ಧನ್ಕರ್ ಎದುರು ಸೋತಿದ್ದು ನೆನಪಿರಬೇಕು, 528ಕ್ಕೆ 182. ಅವರನ್ನೇ ಮತ್ತೆ ಕಣಕ್ಕಿಳಿಸೋ ಸಾಧ್ಯತೆ ಕಮ್ಮಿ.

ಶರದ್ ಪವಾರ್?

ಪ್ರತಿ ಸಲ ಬರೋ ಹೆಸರು. 2022ರಲ್ಲಿ ವಿರೋಧ ಪಕ್ಷಗಳು ಒಟ್ಟಾಗಿ ಕೇಳಿದಾಗ ಅವರೇ ಬೇಡ ಅಂದ್ರು, ಆಮೇಲೆ ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಇಬ್ಬರೂ ಬೇಡ ಅಂದ ಮೇಲೇನೇ ಯಶವಂತ ಸಿನ್ಹಾ ಬಂದಿದ್ದು. ಲೆಕ್ಕ ಪಕ್ಕಾ ಗೊತ್ತಿರೋ ಮನುಷ್ಯ ಪವಾರ್, 2022ರಲ್ಲಿ ಬೇಡ ಅಂದಿದ್ದು 2027ರಲ್ಲಿ ಬೇಕು ಅನ್ನೋಕೆ ಕಾರಣ ಕಾಣಲ್ಲ.

ಮರಾಠಿ ಹೆಸರು ಬಂದ್ರೆ ಇಲ್ಲಿಯ ಪಕ್ಷಗಳೆಲ್ಲ ಒಂದಾಗ್ತಾವಾ?

ಆಗಬಹುದು, ಹಿಂದೆ ಆಗಿದೆ. 2007ರಲ್ಲಿ ಶಿವಸೇನೆ ಎನ್‌ಡಿಎನಲ್ಲೇ ಇದ್ದುಕೊಂಡು, ಮಹಾರಾಷ್ಟ್ರದ ಮಗಳು ಅಂತ ಪ್ರತಿಭಾ ಪಾಟೀಲರಿಗೆ ಮತ ಹಾಕ್ತು. 1997ರಲ್ಲಿ ಇಡೀ ದೇಶ ನಾರಾಯಣನ್ ಹಿಂದೆ ಇದ್ದಾಗ ಟಿ. ಎನ್. ಶೇಷನ್‌ಗೆ ಬೆಂಬಲ ಕೊಟ್ಟಿದ್ದು ಶಿವಸೇನೆನೇ, 2012ರಲ್ಲಿ ಪ್ರಣಬ್‌ಗೆ ಹಾಕ್ತು, 2022ರಲ್ಲಿ ಉದ್ಧವ್ ಬಣ ವಿರೋಧ ಪಕ್ಷದ ಕೂಟದಲ್ಲಿದ್ರೂ ಮುರ್ಮು ಅವರಿಗೆ ಬೆಂಬಲ ಕೊಡ್ತು. ಈ ಚುನಾವಣೇಲಿ ಮೈತ್ರಿ ಗೆರೆ ದಾಟೋದು ಮುಂಬೈಗೆ ಹೊಸದಲ್ಲ.

ನಮ್ಮ ಕಡೆಯೂ ಅಷ್ಟೇ. 2012ರಲ್ಲಿ ಬೆಂಗಳೂರಲ್ಲಿ ಬಿಜೆಪಿ ಸರ್ಕಾರ ಇದ್ದಾಗಲೇ ಕರ್ನಾಟಕದಲ್ಲಿ ಪ್ರಣಬ್‌ಗೆ 117, ಬಿಜೆಪಿ ಬೆಂಬಲಿಸಿದ್ದ ಸಂಗ್ಮಾಗೆ 103.

1969ರ ಥರ ಅಚ್ಚರಿ ಆಗೋಕೆ ಚಾನ್ಸ್ ಇದ್ಯಾ?

ಇದನ್ನ ಹಿರಿಯರು ಕೇಳ್ತಾರೆ, ಯಾಕಂದ್ರೆ ಆ ಕಥೆ ಶುರುವಾಗಿದ್ದೇ ಬೆಂಗಳೂರಲ್ಲಿ. ಜಾಕಿರ್ ಹುಸೇನ್ ತೀರಿಕೊಂಡ ಮೇಲೆ ಜುಲೈಯಲ್ಲಿ ಬೆಂಗಳೂರಿನ ಕಾಂಗ್ರೆಸ್ ಅಧಿವೇಶನದ ಹೊತ್ತಲ್ಲಿ ನೀಲಂ ಸಂಜೀವ ರೆಡ್ಡಿ ಹೆಸರು ನಿಕ್ಕಿ ಆಯ್ತು, ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಇಂದಿರಾ ಗಾಂಧಿಗೆ ಅದು ಇಷ್ಟ ಇರ್ಲಿಲ್ಲ, ಆತ್ಮಸಾಕ್ಷಿ ಪ್ರಕಾರ ಮತ ಹಾಕಿ ಅಂದ್ರು. ಒಂದು ಕಾಲಕ್ಕೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ. ವಿ. ಗಿರಿ ಸ್ವತಂತ್ರವಾಗಿ ನಿಂತ್ರು. ಮೂರನೆಯೋರು ಸಿ. ಡಿ. ದೇಶಮುಖ್, ಮುಂಬೈಯಲ್ಲಿ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆಗಿದ್ದೋರು, ಮುಂಬೈ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನೋ ವಿಚಾರದಲ್ಲಿ ನೆಹರೂ ಮಂತ್ರಿಮಂಡಲಕ್ಕೆ ರಾಜೀನಾಮೆ ಕೊಟ್ಟೋರು.

ಮೊದಲ ಸುತ್ತಲ್ಲಿ ಯಾರಿಗೂ ಅರ್ಧ ದಾಟ್ಲಿಲ್ಲ. ಎರಡನೇ ಪ್ರಾಶಸ್ತ್ಯದ ಮತ (ಮೊದಲ ಆಯ್ಕೆ ಬಿಟ್ರೆ ಯಾರು ಅಂತ ಬ್ಯಾಲಟ್ಟಲ್ಲೇ 2 ಅಂತ ಬರೆದದ್ದು) ಎಣಿಸಿದ ಮೇಲೆ ಗಿರಿಗೆ 4,20,077, ರೆಡ್ಡಿಗೆ 4,05,427. ಎರಡನೇ ಪ್ರಾಶಸ್ತ್ಯದವರೆಗೆ ಹೋದ ಚುನಾವಣೆ ಅದೊಂದೇ. ಅದೇ ವರ್ಷ ಕಾಂಗ್ರೆಸ್ ಎರಡು ಹೋಳಾಯ್ತು. ಅದೇ ರೆಡ್ಡಿ 1977ರಲ್ಲಿ ಅವಿರೋಧ ಆಯ್ಕೆ ಆದ್ರು, 37 ನಾಮಪತ್ರದಲ್ಲಿ 36 ತಿರಸ್ಕಾರ ಆಗಿ.

ಈಗ ಇಬ್ಬರೇ ಕಣದಲ್ಲಿ ಉಳಿಯೋದ್ರಿಂದ ಎರಡನೇ ಪ್ರಾಶಸ್ತ್ಯದ ಪ್ರಶ್ನೆನೇ ಬರಲ್ಲ. ಅಂಥ ಅಚ್ಚರಿ ಆಗ್ಬೇಕಂದ್ರೆ ಆಳೋ ಪಕ್ಷದ ಒಳಗೇ ಬಿರುಕು ಬಿಡಬೇಕು.

ಕನ್ನಡಿಗರು ಯಾರೂ ರಾಷ್ಟ್ರಪತಿ ಆಗಿಲ್ವಾ?

ಆಯ್ಕೆಯಾಗಿ ಯಾರೂ ಆಗಿಲ್ಲ. ಆದ್ರೆ ಆ ಕುರ್ಚೀಲಿ ಒಬ್ಬರು ಕೂತಿದ್ರು, ಇವರ ಬಗ್ಗೆ ಮುಂಬೈಯಲ್ಲಿ ಬೆಳೆಯೋ ನಮ್ಮ ಮಕ್ಕಳಿಗೆ ಹೇಳಲೇಬೇಕು. ಜಮಖಂಡಿ ಹತ್ರ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿ. ಜಮಖಂಡಿ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿದ ಮೇಲೆ ಅವರು ಇದೇ ಮುಂಬೈಯ ಶಾಸನಸಭೇಲಿ ಕೂತಿದ್ರು, ಬಿ. ಜಿ. ಖೇರ್ ಸರ್ಕಾರದಲ್ಲಿ ಪಾರ್ಲಿಮೆಂಟರಿ ಸೆಕ್ರೆಟರಿ ಆಗಿದ್ರು. ಏಕೀಕರಣ ಆದ ಮೇಲೆ 1958ರಲ್ಲಿ ಮೈಸೂರು ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ. ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿ. ಎಮರ್ಜೆನ್ಸಿ ಮುಗಿದದ್ದು, ದೇಶದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿ ಮೊರಾರ್ಜಿ ದೇಸಾಯಿ ಪ್ರಮಾಣ ವಚನ ತಗೊಂಡದ್ದು ಇವರ ಕಾಲದಲ್ಲೇ. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆ ಮಾಡೋ ಆದೇಶ ಬಂದಾಗ ಜತ್ತಿಯವರು ತಕ್ಷಣ ಸಹಿ ಹಾಕ್ಲಿಲ್ಲ, ಹಿಂದೆಮುಂದೆ ನೋಡಿದ್ರು, ಆಮೇಲೆ ಹಾಕಿದ್ರು. ಅದರ ಸರಿತಪ್ಪು ಬೇರೆ ವಿಷಯ, ಆದ್ರೆ ಬಂದ ಕಾಗದಕ್ಕೆಲ್ಲ ಕಣ್ಣುಮುಚ್ಚಿ ಸಹಿ ಹಾಕೋದು ಬೇಡ ಅನ್ನೋ ಯೋಚನೆ ಆ ಕುರ್ಚೀಲಿ ಕೂತೋರಿಗೆ ಬರೋದು ದೊಡ್ಡ ವಿಷಯ.

ಯಾರಾದ್ರೇನು, ರಬ್ಬರ್ ಸ್ಟಾಂಪ್ ಅಲ್ವಾ?

ಈ ಮಾತು ಕೇಳಿದಾಗ ನನಗೆ ನಿಜವಾಗ್ಲೂ ಬೇಜಾರಾಗುತ್ತೆ. ಮಂತ್ರಿಮಂಡಲದ ಸಲಹೆ ಪ್ರಕಾರ ನಡೀಬೇಕು ಅನ್ನೋದು ಸರಿ. ಆದ್ರೆ 1978ರ 44ನೇ ತಿದ್ದುಪಡಿಯಿಂದ ಒಂದು ಸಲ ವಾಪಸ್ ಕಳಿಸಿ ಮರುಪರಿಶೀಲನೆ ಮಾಡಿ ಅನ್ನೋ ಹಕ್ಕು ಇದೆ. ನಾರಾಯಣನ್ 1997ರಲ್ಲಿ ಉತ್ತರ ಪ್ರದೇಶಕ್ಕೆ, 1998ರಲ್ಲಿ ಬಿಹಾರಕ್ಕೆ ರಾಷ್ಟ್ರಪತಿ ಆಳ್ವಿಕೆ ಹೇರೋ ಶಿಫಾರಸನ್ನ ವಾಪಸ್ ಕಳಿಸಿದ್ರು, ಎರಡು ಬೇರೆ ಬೇರೆ ಸರ್ಕಾರಗಳಿಗೆ. ಜೈಲ್ ಸಿಂಗ್ ಜನರ ಕಾಗದ ಒಡೆದು ಓದೋಕೆ ಅಧಿಕಾರ ಕೊಡ್ತಿದ್ದ ಅಂಚೆ ಮಸೂದೆಗೆ ಸಹಿನೇ ಹಾಕ್ಲಿಲ್ಲ. ಕಲಾಂ 2006ರಲ್ಲಿ ಲಾಭದ ಹುದ್ದೆ ಮಸೂದೆ ತಿರುಗಿಸಿ ಕಳಿಸಿದ್ರು. ಯಾವ ಪಕ್ಷಕ್ಕೂ ಬಹುಮತ ಬರ್ದೇ ಇದ್ದಾಗ ಮೊದಲು ಯಾರನ್ನ ಕರೀಬೇಕು ಅನ್ನೋದೂ ಅವರ ವಿವೇಚನೆ. 2029ರಲ್ಲಿ ಲೋಕಸಭೆ ಚುನಾವಣೆ, ಅವತ್ತು ರಾಷ್ಟ್ರಪತಿ ಭವನದಲ್ಲಿ ಇರೋರು 2027ರಲ್ಲಿ ಆಯ್ಕೆ ಆದೋರೇ. ಹಾಗಾಗಿ ಯಾವ ಜಾತಿ, ಯಾವ ಊರು ಅಂತ ಕೇಳೋದರ ಜೊತೆ, ಈ ವ್ಯಕ್ತಿ ಒಂದು ಫೈಲ್ ವಾಪಸ್ ಕಳಿಸೋ ಧೈರ್ಯ ಇರೋರಾ ಅಂತನೂ ಕೇಳಿ. ಕನ್ನಡಿಗರು ಆದ್ರೆ ನನಗೆ ಖುಷಿನೇ, ಧೈರ್ಯ ಇಲ್ಲದ ಕನ್ನಡಿಗರಿಗಿಂತ ಧೈರ್ಯ ಇರೋ ಬೇರೆ ಯಾರಾದ್ರೂ ಆಗ್ಲಿ.

ನಮ್ಮ ಎಂಎಲ್‌ಎಗೆ ಇಂಥವರಿಗೆ ಹಾಕಿ ಅಂತ ಹೇಳ್ಬಹುದಾ? ಪಕ್ಷ ವಿಪ್ (ಇಂಥವರಿಗೇ ಹಾಕಿ ಅನ್ನೋ ಆದೇಶ) ಕೊಟ್ರೆ?

ಹೇಳ್ಬಹುದು, ಪತ್ರ ಬರೀರಿ, ಆಫೀಸಿಗೆ ಹೋಗಿ ಮಾತಾಡಿ. ಈ ಚುನಾವಣೇಲಿ ಪಕ್ಷಗಳು ವಿಪ್ ಹೊರಡಿಸೋ ಹಾಗಿಲ್ಲ, ಮತದಾನ ಗುಪ್ತ, ಎಂಪಿಗಳಿಗೆ ಹಸಿರು ಬ್ಯಾಲಟ್, ಎಂಎಲ್‌ಎಗಳಿಗೆ ಗುಲಾಬಿ ಬ್ಯಾಲಟ್, ಚುನಾವಣಾ ಆಯೋಗ ಕೊಡೋ ನೇರಳೆ ಇಂಕಿನ ಪೆನ್ನಲ್ಲೇ ಅಭ್ಯರ್ಥಿ ಹೆಸರಿನ ಮುಂದೆ 1 ಅಂತ ಬರೀಬೇಕು, ಬೇರೆ ಪೆನ್ನಲ್ಲಿ ಬರೆದ್ರೆ ಮತ ಅಸಿಂಧು. ಇಲ್ಲಿಯ ಎಂಎಲ್‌ಎಗಳು ಹಾಕೋದು ನರಿಮನ್ ಪಾಯಿಂಟ್‌ನ ವಿಧಾನ ಭವನದಲ್ಲಿ, ಆಮೇಲೆ ಆ ಪೆಟ್ಟಿಗೆ ವಿಮಾನದಲ್ಲಿ ದಿಲ್ಲಿಗೆ ಹೋಗುತ್ತೆ.